ವಿದೇಶಿ ನವೋದ್ಯಮದ ಉದ್ಯೋಗ ವೀಸಾ: ಒಪ್ಪುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಶೇಂಗಾ ವಹಿವಾಟು ಮತ್ತು ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೊಳಕಾಲ್ಮೂರಿನಲ್ಲಾಗಲಿ ಉದರಿ ವ್ಯಾಪಾರ ಹೊಸದಲ್ಲ. ಹೊಸ ಗಿರಾಕಿಗೆ ಸರಕು ಕಳುಹಿಸುವ ಮುನ್ನ ಅವನ ಹಿಂದಿನ ಪಾವತಿ ಮತ್ತು ಪೇಟೆಯಲ್ಲಿನ ಹೆಸರನ್ನು ವಿಚಾರಿಸುವುದು ವಾಡಿಕೆ. ಇಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ವಿದೇಶದ ಸಣ್ಣ ನವೋದ್ಯಮವೊಂದರ ನೇಮಕಾತಿ ಪತ್ರ ತಂದಾಗಲೂ ಇದೇ ಎಚ್ಚರಿಕೆ ಅವಶ್ಯ. ಉದ್ಯೋಗ ವೀಸಾ ನಿಲ್ಲುವುದು ಅಭ್ಯರ್ಥಿಯ ಅರ್ಹತೆಯ ಮೇಲಷ್ಟೇ ಅಲ್ಲ, ಪ್ರಾಯೋಜಕ ಸಂಸ್ಥೆಯ ಆರ್ಥಿಕ ಸ್ಥಿತಿಯ ಮೇಲೂ.

ಅಮೆರಿಕದ ನಿಯಮ

ಎಚ್-1ಬಿ ವೀಸಾಕ್ಕೆ ಅರ್ಜಿ ಸಲ್ಲಿಸುವವನು ನೌಕರನಲ್ಲ, ಮಾಲೀಕ. ಸಂಸ್ಥೆ ಚಿಕ್ಕದೆಂಬ ಕಾರಣಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಕಂಪನಿ ನಿಜವಾಗಿ ವ್ಯವಹಾರ ನಡೆಸುತ್ತಿದೆ, ಪದವಿ ಬೇಡುವ ಹುದ್ದೆ ಅಲ್ಲಿದೆ ಎಂಬುದನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಆ ಪ್ರದೇಶದಲ್ಲಿ ಆ ಹುದ್ದೆಗೆ ಪ್ರಚಲಿತವಿರುವ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೆಲಸವಿಲ್ಲವೆಂದು ವೇತನ ತಡೆಹಿಡಿಯುವಂತಿಲ್ಲ. ನವೋದ್ಯಮಗಳು ಸಾಮಾನ್ಯವಾಗಿ ನೀಡುವ ಷೇರುಗಳ ಭರವಸೆಯನ್ನು ಈ ವೇತನದ ಲೆಕ್ಕಕ್ಕೆ ಸೇರಿಸಲಾಗದು.

ವಾರ್ಷಿಕ ಮಿತಿ 65,000. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿ 20,000. ಬೇಡಿಕೆ ಇದನ್ನು ಮೀರಿದಾಗ ಆಯ್ಕೆಯ ಸುತ್ತು ನಡೆಯುವುದರಿಂದ, ನೇಮಕಾತಿ ಪತ್ರ ಕೈಗೆ ಬಂದಮಾತ್ರಕ್ಕೆ ವೀಸಾ ಖಚಿತವಲ್ಲ. ದೇಶದ ಹೊರಗಿರುವ ಅಭ್ಯರ್ಥಿಗಳ ಹೊಸ ಅರ್ಜಿಗೆ 1,00,000 ಡಾಲರ್ ವಿಧಿಸುವ ಅಧ್ಯಕ್ಷೀಯ ಘೋಷಣೆಯನ್ನು 2025ರ ಸೆಪ್ಟೆಂಬರ್ 21ರಿಂದ 12 ತಿಂಗಳ ಅವಧಿಗೆ ಹೊರಡಿಸಲಾಯಿತು. ಸಣ್ಣ ಬಂಡವಾಳದ ಕಂಪನಿಗೆ ಇಂಥ ಹೊರೆ ದುಸ್ತರ. ಆದುದರಿಂದ ಅರ್ಜಿಯ ಸಮಯದಲ್ಲಿ ಜಾರಿಯಲ್ಲಿರುವ ನಿಯಮವನ್ನು ವಿಚಾರಿಸಿಯೇ ಮುಂದುವರಿಯುವುದು ಲೇಸು.

ಬ್ರಿಟನ್ ಮತ್ತು ಜರ್ಮನಿ

ಬ್ರಿಟನ್‌ನಲ್ಲಿ ವಿದೇಶಿ ನೌಕರನನ್ನು ಕರೆಸಿಕೊಳ್ಳಲು ಕಂಪನಿ ಮೊದಲು ಪ್ರಾಯೋಜಕ ಪರವಾನಗಿ ಪಡೆಯಬೇಕು. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಅಲ್ಲಿನ ಸರ್ಕಾರ ಬಹಿರಂಗವಾಗಿ ಪ್ರಕಟಿಸುತ್ತದೆ. ಚಳ್ಳಕೆರೆಯಲ್ಲಿ ಕುಳಿತೇ ಕಂಪನಿಯ ಹೆಸರನ್ನು ಅದರಲ್ಲಿ ಹುಡುಕಬಹುದು. ನುರಿತ ನೌಕರರ ಸಾಮಾನ್ಯ ವೇತನ ಮಿತಿಯನ್ನು 2025ರ ಜುಲೈ 22ರಿಂದ ವರ್ಷಕ್ಕೆ 41,700 ಪೌಂಡ್‌ಗೆ ಏರಿಸಲಾಯಿತು. ಜರ್ಮನಿಯ ನೀಲಿ ಕಾರ್ಡಿಗೆ ಇಂತಹ ಪರವಾನಗಿ ಬೇಡ. ಮಾನ್ಯ ಪದವಿ ಮತ್ತು ಕನಿಷ್ಠ ವೇತನವೇ ಅಲ್ಲಿ ಮುಖ್ಯ.

ವೆಚ್ಚ ಯಾರದು?

ಎಚ್-1ಬಿ ಅರ್ಜಿಯ ತರಬೇತಿ ಶುಲ್ಕವನ್ನೂ ಮಾಲೀಕನ ಪರ ವಕೀಲರ ವೆಚ್ಚವನ್ನೂ ನೌಕರನ ಮೇಲೆ ಹೊರಿಸಲು ಅವಕಾಶವಿಲ್ಲ. ಬ್ರಿಟನ್‌ನಲ್ಲಿಯೂ ನುರಿತ ನೌಕರರಿಂದ ಪ್ರಾಯೋಜಕ ಪರವಾನಗಿಯ ಶುಲ್ಕ ವಸೂಲಿ ಮಾಡುವಂತಿಲ್ಲ. ಹೀಗಿರುವಾಗ "ಪ್ರಾಯೋಜನೆಯ ಠೇವಣಿ" ಎಂದು ಲಕ್ಷಾಂತರ ರೂಪಾಯಿ ಕೇಳಿದರೆ ಅಲ್ಲಿಯೇ ಸಂಶಯಪಡಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸಿಕೊಡುವ ಏಜೆಂಟರಿಗೆ ನೋಂದಣಿ ಕಡ್ಡಾಯ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಅವರ ಪಟ್ಟಿ ದೊರೆಯುತ್ತದೆ.

ಕಂಪನಿ ಮುಚ್ಚಿದರೆ?

ನವೋದ್ಯಮದಲ್ಲಿ ಇದು ದೂರದ ಮಾತಲ್ಲ. ಉದ್ಯೋಗ ಕಳೆದುಕೊಂಡ ಎಚ್-1ಬಿ ನೌಕರನಿಗೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಬ್ರಿಟನ್‌ನಲ್ಲಿಯೂ ಸಾಮಾನ್ಯವಾಗಿ 60 ದಿನ. ಅಷ್ಟರೊಳಗೆ ಹೊಸ ಪ್ರಾಯೋಜಕ ದೊರೆಯದಿದ್ದರೆ ಹಿಂತಿರುಗುವ ಪ್ರಸಂಗ ಬರುತ್ತದೆ. ಗಿರಣಿಯ ಚಾಲ್ತಿ ಬಂಡವಾಳವನ್ನು ಹಿಂತೆಗೆದು, ಅಥವಾ ಮಗ್ಗದ ಮೇಲೆ ಸಾಲ ಮಾಡಿ ಮಕ್ಕಳನ್ನು ಕಳುಹಿಸಿದ ಕುಟುಂಬಕ್ಕೆ ಆಗ ಬೀಳುವ ಪೆಟ್ಟು ಊಹಿಸಬಹುದಾದುದೇ.

ಆದಕಾರಣ ಒಪ್ಪಿಗೆಗೆ ಮುನ್ನ ನಾಲ್ಕು ವಿಷಯಗಳನ್ನು ಲಿಖಿತವಾಗಿ ಕೇಳುವುದು ಸೂಕ್ತ:

1. ಕಂಪನಿಯ ನೋಂದಣಿ ಸಂಖ್ಯೆ ಮತ್ತು ಕಚೇರಿಯ ವಿಳಾಸ.
2. ನಗದು ವೇತನ ಎಷ್ಟು, ಷೇರು ಎಷ್ಟು ಎಂಬ ವಿವರ.
3. ಸದ್ಯದ ಬಂಡವಾಳದಿಂದ ಎಷ್ಟು ತಿಂಗಳು ವೇತನ ನೀಡಬಲ್ಲದು, ಹಿಂದೆ ಯಾರನ್ನಾದರೂ ಪ್ರಾಯೋಜಿಸಿದೆಯೇ ಎಂಬ ಮಾಹಿತಿ.
4. ವೀಸಾದ ಯಾವ ವೆಚ್ಚ ಯಾರದೆಂಬ ಒಪ್ಪಂದ.

ನೇರವಾಗಿ ಉತ್ತರಿಸುವ ಸಂಸ್ಥೆ ಚಿಕ್ಕದಾದರೂ ನಂಬಿಕೆಗೆ ಅರ್ಹ. ಉತ್ತರ ಕೊಡಲು ಹಿಂಜರಿಯುವ ಗಿರಾಕಿಗೆ ವರ್ತಕನು ಉದರಿ ಕೊಡುವುದಿಲ್ಲ. ಮಕ್ಕಳ ಭವಿಷ್ಯದ ವಿಷಯದಲ್ಲಿ ಆ ನಿಯಮ ಸಡಿಲವಾಗಬಾರದು.