ಬೇಸಾಯಗಾರನ ಕಲ್ಲುಮನೆ: ಸ್ಕಾಟ್ಲೆಂಡಿನ ಒಂದು ಹಿಡುವಳಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ದಕ್ಷಿಣಕ್ಕೆ ಈಸ್ಟ್ ಕಿಲ್‌ಬ್ರೈಡ್ ಎಂಬ ಊರಿದೆ. ಅದರ ಮಗ್ಗುಲಲ್ಲಿರುವ ವೆಸ್ಟರ್ ಕಿಟ್ಟಾಕ್‌ಸೈಡ್ ಎಂಬ ಹಿಡುವಳಿಯನ್ನು ರೀಡ್ ಮನೆತನದವರು 1567ರಿಂದ ಹತ್ತು ತಲೆಮಾರುಗಳ ಕಾಲ ಸಾಗುವಳಿ ಮಾಡಿದರು. ಅಲ್ಲಿರುವ ಕಲ್ಲಿನ ಮನೆಯನ್ನು ಕಟ್ಟಿದ್ದು 1782ರಿಂದ 1784ರ ಅವಧಿಯಲ್ಲಿ. 1992ರಲ್ಲಿ ಮನೆತನದ ಕೊನೆಯವರು ಅದನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಗೆ ಒಪ್ಪಿಸಿದರು. 2001ರಲ್ಲಿ ಅದು ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೋಟೆ, ಅರಮನೆಗಳ ವಿಚಾರ ಬರೆಯುವವರು ಬಹಳ ಮಂದಿ. ಬೇಸಾಯಗಾರನ ಮನೆ, ಕೊಟ್ಟಿಗೆ, ಕಣಗಳ ವಿಚಾರ ನಮ್ಮ ಸದಸ್ಯರಿಗೆ ಹೆಚ್ಚು ಹತ್ತಿರದ್ದೆಂದು ಈ ಬಾರಿ ಅದನ್ನೇ ಆರಿಸಿಕೊಂಡಿದ್ದೇವೆ.

ಮನೆ ಬೇರೆ, ಕೊಟ್ಟಿಗೆ ಬೇರೆ

18ನೆಯ ಶತಮಾನದ ಮಧ್ಯದವರೆಗೆ ಅಲ್ಲಿನ ಸಾಮಾನ್ಯ ರೈತನ ಮನೆಯೆಂದರೆ ಹುಲ್ಲು ಹೊದಿಸಿದ ಒಂದೇ ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ. ಮುಂದೆ ಚೂರುಚೂರಾಗಿದ್ದ ಜಮೀನುಗಳು ಒಟ್ಟುಗೂಡಿದವು, ಬೇಲಿ ಕಂಡವು. ಗೇಣಿಯ ವಾಯಿದೆ ಅನೇಕ ಕಡೆ 19 ವರ್ಷಗಳಷ್ಟಾಯಿತು. ನಾಳೆ ಎಬ್ಬಿಸಿಬಿಡುತ್ತಾರೆಂಬ ಭಯವಿದ್ದವನು ಕಲ್ಲು ಕಟ್ಟುವುದಿಲ್ಲ. ಭೂಮಿಯ ಮೇಲೆ ಭದ್ರತೆ ಬಂದ ಮೇಲೆಯೇ ಕಲ್ಲಿನ ಗೋಡೆಗಳು ಎದ್ದವು. ಕಿಟ್ಟಾಕ್‌ಸೈಡಿನವರಂತೂ ಸ್ವಂತ ಭೂಮಿಯ ಒಡೆಯರು. ಮನೆ ದನಗಳಿಂದ ಬೇರೆಯಾಗಿ, ಎರಡು ತುದಿಗಳಲ್ಲಿ ಹೊಗೆಗೂಡುಗಳುಳ್ಳ ಅಚ್ಚುಕಟ್ಟಾದ ಕಟ್ಟಡವಾಯಿತು.

ಅಂಗಳದ ಸುತ್ತ ಕೆಲಸ

ಈ ಹಿಡುವಳಿಗಳಲ್ಲಿ ಹೊರಕಟ್ಟಡಗಳು ಅಂಗಳವೊಂದರ ಎರಡು, ಮೂರು ಅಥವಾ ನಾಲ್ಕೂ ಬದಿಗಳಲ್ಲಿ ನಿಲ್ಲುತ್ತವೆ. ಒಕ್ಕಣೆಯ ಮನೆಗೆ ಎದುರುಬದುರಾಗಿ ಎರಡು ಬಾಗಿಲು. ಮಳೆಯ ದೇಶವಾದುದರಿಂದ ಬಯಲು ಕಣ ಅಲ್ಲಿ ನಡೆಯದು. ಮಾಡಿನ ಕೆಳಗೇ ಬಡಿದು, ಎರಡು ಬಾಗಿಲುಗಳ ನಡುವೆ ಹಾಯುವ ಗಾಳಿಗೆ ಕಾಳು ತೂರುತ್ತಿದ್ದರು. ಗಾಡಿ ನಿಲ್ಲಿಸುವ ಕೊಟ್ಟಿಗೆಯ ಮೇಲಂತಸ್ತಿನಲ್ಲಿ ಕಣಜ. ನೆಲದ ತೇವವೂ ಇಲಿಯೂ ಸುಲಭವಾಗಿ ತಲಪದಂತೆ ಕಾಳನ್ನು ಮೇಲಿಡುವ ಉಪಾಯ ಇದು. ದನದ ಕೊಟ್ಟಿಗೆಗೆ ಕಲ್ಲು ಹಾಸಿದ ನೆಲ, ಗಂಜಲ ಹರಿಯಲು ಕಾಲುವೆ, ತಿಪ್ಪೆ ಅಂಗಳದಲ್ಲೇ. ಹಾಲಿನ ಕೋಣೆ ಸಾಮಾನ್ಯವಾಗಿ ಬಿಸಿಲು ಬೀಳದ ಉತ್ತರದ ಕಡೆಗೆ. ಅಲಂಕಾರಕ್ಕೆಂದು ಇಟ್ಟ ಕಲ್ಲು ಇಲ್ಲಿ ಅಪರೂಪ.

1786ರ ಸುಮಾರಿಗೆ ಆಂಡ್ರ್ಯೂ ಮೀಕಲ್ ಎಂಬ ಯಂತ್ರಕುಶಲಿ ಒಕ್ಕುವ ಯಂತ್ರವನ್ನು ಸಿದ್ಧಪಡಿಸಿದ. ಅದನ್ನು ತಿರುಗಿಸಲು ಕುದುರೆಗಳು ಸುತ್ತು ಹಾಕಬೇಕು. ಹೀಗಾಗಿ ಒಕ್ಕಣೆಯ ಮನೆಗಳಿಗೆ ದುಂಡನೆಯ ಅಥವಾ ಹಲವು ಮೂಲೆಗಳ ಚಾವಣಿಯೊಂದು ಅಂಟಿಕೊಂಡಿತು. ಬಳಿಕ ಉಗಿಯಂತ್ರ ಬಂದಾಗ ಪೂರ್ವ ಲೋಥಿಯನ್ ಪ್ರಾಂತದ ಹಿಡುವಳಿಗಳಲ್ಲಿ ಎತ್ತರದ ಹೊಗೆಗೊಳವೆಗಳು ಎದ್ದವು. ಕೆಲವು ಇಂದಿಗೂ ನಿಂತಿವೆ. ಎರಡನೆಯ ಮಹಾಯುದ್ಧದ ನಂತರ ಕೊಯ್ದು ಹೊಲದಲ್ಲೇ ಒಕ್ಕುವ ಕಂಬೈನ್ ಯಂತ್ರ ಹರಡಿತು. ದೊಡ್ಡ ಯಂತ್ರಗಳು ಹಳೆಯ ಬಾಗಿಲುಗಳಲ್ಲಿ ಹಿಡಿಸಲಿಲ್ಲ. ಎಷ್ಟೋ ಕೊಟ್ಟಿಗೆಗಳು ಪಾಳುಬಿದ್ದವು, ಎಷ್ಟೋ ವಾಸದ ಮನೆಗಳಾಗಿ ಮಾರಾಟವಾದವು. ಕಿಟ್ಟಾಕ್‌ಸೈಡಿನವರು ಹೊಸ ಪದ್ಧತಿಗಳ ಹಿಂದೆ ಓಡದ ಕಾರಣ ಅಲ್ಲಿ ಹಳೆಯದು ಉಳಿದುಕೊಂಡಿತು. ವಸ್ತುಸಂಗ್ರಹಾಲಯವೂ 1950ರ ದಶಕದ ಕ್ರಮದಲ್ಲೇ ಬೇಸಾಯವನ್ನು ತೋರಿಸುತ್ತದೆ.

ಗೋಡೆಯ ಗುಟ್ಟು

ಇಂಥ ಗೋಡೆಗಳ ದಪ್ಪ ಎರಡು ಅಡಿ ಅಥವಾ ಅದಕ್ಕೂ ಹೆಚ್ಚು. ಹೊರಗೊಂದು, ಒಳಗೊಂದು ಕಲ್ಲಿನ ಮುಖ. ನಡುವೆ ಸಣ್ಣ ಕಲ್ಲು, ಸುಣ್ಣದ ಗಾರೆ. ಎರಡೂ ಮುಖಗಳನ್ನು ಹಿಡಿದಿಡಲು ಅಲ್ಲಲ್ಲಿ ಅಡ್ಡಗಲ್ಲು. ಮೂಲೆಗೂ ಬಾಗಿಲು ಕಿಟಕಿಗಳ ಅಂಚಿಗೂ ಮಾತ್ರ ಕೆತ್ತಿದ ಕಲ್ಲು. ಉಳಿದುದು ಹತ್ತಿರದಲ್ಲಿ ಸಿಕ್ಕ ಕಾಡುಗಲ್ಲು. ಹೊರಗೆ ಅನೇಕ ಕಡೆ ಸುಣ್ಣ ಮತ್ತು ಸಣ್ಣ ಜಲ್ಲಿಯ ಮಿಶ್ರಣವನ್ನು ಎರಚಿ ಹೊದಿಕೆ ಮಾಡುತ್ತಿದ್ದರು.

ಸುಣ್ಣದ ಗಾರೆ ಮೆದು. ಗೋಡೆ ಕುಡಿದ ಮಳೆನೀರು ಆ ಗಾರೆಯ ಮೂಲಕವೇ ಆರಿಹೋಗುತ್ತದೆ. 20ನೆಯ ಶತಮಾನದಲ್ಲಿ ಭದ್ರವಾಗಲೆಂದು ಸಂದುಗಳಿಗೆ ಸಿಮೆಂಟು ತುಂಬಿದರು. ಗಟ್ಟಿ ಸಿಮೆಂಟು ನೀರನ್ನು ಹೊರಬಿಡದು. ತೇವ ಕಲ್ಲಿನಲ್ಲೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಮೆದುವಾದ ಮರಳುಗಲ್ಲಿನ ಮುಖ ಪದರಪದರವಾಗಿ ಕಳಚತೊಡಗಿತು. ಸಂದಿನ ಸಿಮೆಂಟು ಉಳಿಯಿತು, ಕಲ್ಲು ಕರಗಿತು. ಈಗ ಅಲ್ಲಿನ ಸಂರಕ್ಷಣಾ ತಜ್ಞರು ಹಳೆಯ ಗೋಡೆಗೆ ಸುಣ್ಣವನ್ನೇ ಬಳಸಲು ಹೇಳುತ್ತಾರೆ.

ನಮ್ಮ ಮಲೆನಾಡಿನಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲ, ಮಳೆಯೇನೋ ಧಾರಾಳವಾಗಿದೆ. ಹಿರಿಯರು ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ಮನೆ, ಉಗ್ರಾಣಗಳು ನಮ್ಮ ಅನೇಕ ಸದಸ್ಯರಲ್ಲಿ ಇನ್ನೂ ಇವೆ. ಗೋಡೆ ತೇವವಾದೊಡನೆ ಸಿಮೆಂಟು ಬಳಿಸುವ ಮೊದಲು ಮಾಡಿನ ಸೋರಿಕೆ, ಬುಡದ ಚರಂಡಿ, ಗೋಡೆಗೆ ಒರಗಿದ ಮಣ್ಣು ಇವನ್ನು ನೋಡುವುದು ಒಳ್ಳೆಯದು. ಗಾರೆ ಕೆಲಸ ಬಲ್ಲ ಹಳೆಯ ಮೇಸ್ತ್ರಿಯೊಬ್ಬರು ಊರಿನಲ್ಲಿದ್ದರೆ, ಮಳೆಗಾಲ ಹಿಡಿಯುವ ಮುನ್ನ ಅವರನ್ನು ಒಮ್ಮೆ ಕರೆಸಿ ತೋರಿಸಿರಿ.