ಸಂದರ್ಶನವೆಂಬ ಪರೀಕ್ಷೆ

ವಿದ್ಯಾಭ್ಯಾಸವನ್ನು ಮುಗಿಸಿದ ಮಗನಿಗಾಗಲಿ ಮಗಳಿಗಾಗಲಿ ದೊಡ್ಡ ಕಂಪನಿಯಿಂದ ಸಂದರ್ಶನದ ಕರೆ ಬಂದಿತೆಂದರೆ, ಆ ದಿನ ಮನೆಯಲ್ಲಿ ಹಬ್ಬ, ಮರುದಿನದಿಂದ ಭಯ. ನಮ್ಮ ಬಳ್ಳಾರಿ ಸೀಮೆಯ ಗೃಹಸ್ಥರಿಗೆ ಇವೆರಡೂ ಪರಿಚಿತವಾದುವೇ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಶ್ರೀಮತಿ ಇಂದಿರಾ ಗಾಂಧಿಯವರು 1971ರಲ್ಲಿ ಅಡಿಗಲ್ಲನ್ನಿಟ್ಟರು. ಆ ಸರ್ಕಾರಿ ಯೋಜನೆಯು ಕೈಗೂಡಲಿಲ್ಲ. 1994ರಲ್ಲಿ ಸ್ಥಾಪಿತವಾದ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿಯು ಅಲ್ಲಿಯೇ ತನ್ನ ಕಾರ್ಖಾನೆಯನ್ನು ಕಟ್ಟಿತು, ಇಂದಿನ ಜೆ.ಎಸ್.ಡಬ್ಲ್ಯೂ. ಸ್ಟೀಲ್ ಅದೇ. ಅಂದಿನಿಂದ ಭತ್ತ ಬೆಳೆಯುವ ಸಿರುಗುಪ್ಪದಲ್ಲಿಯೂ ದೊಡ್ಡಬಸವೇಶ್ವರನ ಕುರುಗೋಡಿನಲ್ಲಿಯೂ 'ಕಂಪನಿಯ ಕೆಲಸ' ಎಂಬ ಆಸೆ ಬೇರೂರಿದೆ.

ನಮ್ಮಲ್ಲಿ ಓದಿದ ತರುಣರು ಬೇರೆ ಬೇರೆ ಕಂಪನಿಗಳ ಸಂದರ್ಶನಗಳಿಗೆ ಹೋಗಿಬಂದು, ತಮ್ಮ ಅನುಭವಗಳನ್ನು ನಮ್ಮೊಡನೆ ಹೇಳಿಕೊಳ್ಳುವುದುಂಟು. ಸಿರುಗುಪ್ಪದ ಹುಡುಗನೊಬ್ಬನು ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸವನ್ನು ಕಲಿತವನು. ರಜೆಯಲ್ಲಿ ಅಕ್ಕಿಯ ಗಿರಣಿಯಲ್ಲಿ ದುಡಿದವನು. 'ಬೇರಿಂಗು ಏಕೆ ಬಿಸಿಯಾಗುತ್ತದೆ?' ಎಂದು ಅವನನ್ನು ಕೇಳಿದರಂತೆ. ಗ್ರೀಸು ಸಾಲದಿದ್ದರೆ, ಬೆಲ್ಟು ಅತಿಯಾಗಿ ಬಿಗಿದಿದ್ದರೆ, ಶಾಫ್ಟು ಓರೆಯಾಗಿದ್ದರೆ ಎಂಬುದನ್ನು ಅವನ ಕೈಗಳೇ ಬಲ್ಲುವು. ಆದರೆ ಇಂಗ್ಲಿಷ್ ಪದಗಳನ್ನು ಹುಡುಕುತ್ತ ಅವನು ಮೂಕನಾದನು.

ಕುರುಗೋಡಿನ ಡಿಪ್ಲೊಮಾ ವಿದ್ಯಾರ್ಥಿಯನ್ನು, 'ಊದುಕುಲುಮೆಗೆ ಸುಣ್ಣದ ಕಲ್ಲನ್ನು ಏಕೆ ಹಾಕುತ್ತಾರೆ?' ಎಂದು ಕೇಳಿದರು. 'ಅದಿರಿನ ಕಲ್ಮಷವನ್ನು ತೆಗೆಯಲು' ಎಂದು ಒಡನೆಯೇ ಒಪ್ಪಿಸಿದನು. 'ಹೇಗೆ ತೆಗೆಯುತ್ತದೆ?' ಎಂಬ ಮರುಪ್ರಶ್ನೆಗೆ ತಡವರಿಸಿದನು. ಸುಣ್ಣವು ಅದಿರಿನೊಳಗಿನ ಮರಳಿನಂಶದೊಡನೆ ಕೂಡಿ ಕರಗಿ ಕಿಟ್ಟವಾಗುತ್ತದೆ. ಹಗುರವಾದುದರಿಂದ ಕರಗಿದ ಕಬ್ಬಿಣದ ಮೇಲೆ ತೇಲುತ್ತದೆ. ಪುಸ್ತಕದಲ್ಲಿ ಇದೂ ಇದ್ದಿತು. ಅವನು ಮೊದಲ ಸಾಲಿಗೇ ನಿಂತಿದ್ದನು.

ಬಳ್ಳಾರಿಯ ಹೆಣ್ಣುಮಗಳೊಬ್ಬಳು ತಾನು ಕಾಣದ ಯಂತ್ರದ ವಿಷಯವಾಗಿ ಪ್ರಶ್ನೆ ಬಂದಾಗ, 'ಇದನ್ನು ನಾನು ನೋಡಿಲ್ಲ. ಆದರೆ ಇದರ ಮೋಟಾರು ನಿಂತರೆ, ಮೊದಲು ವಿದ್ಯುತ್ತು ಬರುತ್ತಿದೆಯೇ ಎಂದು ಪರೀಕ್ಷಿಸುವೆನು' ಎಂದಳು. ಅವಳಿಗೆ ಕೆಲಸ ದೊರೆಯಿತು.

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಜಂಬದವರಿಗೆ ಸಲ್ಲತಕ್ಕದ್ದು. ಇವರಲ್ಲಿ ಜಂಬವಿಲ್ಲ, ಕೆಲವರಲ್ಲಿ ತಿಳಿವಳಿಕೆಯೂ ಇದೆ, ಇಲ್ಲದ್ದು ಮರುಪ್ರಶ್ನೆಗೆ ಉತ್ತರಿಸುವ ಅಭ್ಯಾಸ. ಸಂಸ್ಕೃತ ಪಾಠಶಾಲೆಯ ವಾಕ್ಯಾರ್ಥದಲ್ಲಿ, ಸೂತ್ರವನ್ನು ಒಪ್ಪಿಸಿದವನಿಗೆ 'ಕುತಃ?', ಅಂದರೆ 'ಏಕೆ?', ಎಂಬ ಪ್ರಶ್ನೆ ಕಾದೇ ಇರುತ್ತದೆ. ಕಾರಣವನ್ನು ಹೇಳಲಾರದ ವಿದ್ಯೆ ಅಲ್ಲಿ ನಿಲ್ಲದು, ಸಂದರ್ಶನದಲ್ಲಿಯೂ ನಿಲ್ಲದು.

ಈ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಸಬಹುದು. ಊಟವಾದ ಮೇಲೆ ತಂದೆಯಾಗಲಿ ತಾಯಿಯಾಗಲಿ, 'ಇಂದು ಏನನ್ನು ಕಲಿತೆ? ಅದು ಏಕೆ ಹಾಗೆ?' ಎಂದು ಕೇಳಲಿ. ತಾವು ಓದಿಲ್ಲವೆಂದು ಸಂಕೋಚಪಡಬೇಕಾಗಿಲ್ಲ. ಅರಿಯದವರಿಗೆ ಅರ್ಥವಾಗುವಂತೆ ಹೇಳಬಲ್ಲವನೇ ಅರಿತವನು. ಮೊದಲು ಕನ್ನಡದಲ್ಲಿ ಹೇಳಲಿ. ಅನಂತರ ಅದನ್ನೇ ಸುಲಭವಾದ ಇಂಗ್ಲಿಷಿನಲ್ಲಿ ಹೇಳಲಿ. ಪದ ದೊರೆಯದಿದ್ದಲ್ಲಿ, 'ಕನ್ನಡದಲ್ಲಿ ಹೇಳಬಹುದೇ?' ಎಂದು ವಿನಯದಿಂದ ಕೇಳುವುದು ಅಪರಾಧವಲ್ಲ. ಮೌನಕ್ಕಿಂತ ಅದು ಮೇಲು.

ಮತ್ತೆರಡು ಮಾತು. ಸಂವಿಧಾನದ 371 ಜೆ ವಿಧಿಯಿಂದ ನಮ್ಮ ಜಿಲ್ಲೆಗೆ 2013ರಿಂದ ದೊರೆತಿರುವ ಮೀಸಲಾತಿಯು ರಾಜ್ಯ ಸರ್ಕಾರದ ನೌಕರಿಗಳಿಗೆ ಸಲ್ಲತಕ್ಕದ್ದು. ಖಾಸಗಿ ಕಂಪನಿಯ ಬಾಗಿಲನ್ನು ಆ ಪ್ರಮಾಣಪತ್ರವು ತೆರೆಯದು. 'ಹಣ ಕೊಟ್ಟರೆ ಕೆಲಸ ಕೊಡಿಸುವೆನು' ಎಂಬ ಮಧ್ಯವರ್ತಿಯ ಮಾತಂತೂ ಮನೆಯನ್ನು ಮುರಿಯುವ ಮಾತು. ಹೊಲವನ್ನು ಒತ್ತೆಯಿಟ್ಟು ಅವನ ಕೈ ತುಂಬಿದರೆ ಹೊಲವೂ ಹೋದೀತು, ಕೆಲಸವೂ ಬಾರದು.

ಕೆಲಸ ದೊರೆಯದೆ ಹಿಂದಿರುಗಿದ ಮಗುವನ್ನು ನೆರೆಮನೆಯ ಮಗುವಿನೊಡನೆ ಹೋಲಿಸಿ ನೋಯಿಸಬಾರದು. ಅಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಆ ರಾತ್ರಿಯೇ ಬರೆದಿಡುವಂತೆ ಹೇಳಿರಿ. ಮುಂದಿನ ಕರೆಗೆ ಅದಕ್ಕಿಂತ ಉತ್ತಮವಾದ ಪಠ್ಯಪುಸ್ತಕ ಬೇರೊಂದಿಲ್ಲ.