ಗದೆ ಹಿಡಿದ ಕಂಸ ಗಂಡಸಲ್ಲ!

ಬೀದರ, ಭಾಲ್ಕಿ, ಔರಾದಿನ ಸಿನಿಮಾ ದೋಸ್ತರೇ, ಒಂದು ಸವಾಲ್! ಮೀಸೆ ತಿರುವಿ ಸ್ಟೇಜು ನಡುಗಿಸಿದ ಕಂಸ ಒಬ್ಬ ಹೆಂಗಸು ಅಂದ್ರೆ ನಂಬ್ತೀರಾ?

ನಂಬಲೇಬೇಕು. ಆಕೆ ಆರ್. ನಾಗರತ್ನಮ್ಮ. 1958ರಲ್ಲಿ ಮೈಸೂರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಕೃಷ್ಣನೂ ಹೆಣ್ಣು, ಕಂಸನೂ ಹೆಣ್ಣು! ರಾವಣ, ಭೀಮ, ದುರ್ಯೋಧನರಾಗಿಯೂ ನಾಗರತ್ನಮ್ಮ ಗುಡುಗಿದರು.

ಗಂಡಸು ಸೀರೆ ಉಟ್ಟದ್ದು ಹಳೇ ಮಾತು. ನಮ್ಮ ಗಡಿಯಾಚೆಯ ಮರಾಠಿ ರಂಗದಲ್ಲಿ ಬಾಲಗಂಧರ್ವರ ಸ್ತ್ರೀಪಾತ್ರಕ್ಕೆ ಜನ ಹುಚ್ಚಾಗಿದ್ದರು. ಅದೇ ಬಾಲಗಂಧರ್ವರು 1935ರ 'ಧರ್ಮಾತ್ಮಾ' ಚಿತ್ರಕ್ಕೆ ಬಂದಾಗ ಮಾಡಿದ್ದು ಗಂಡು ಪಾತ್ರ, ಸಂತ ಏಕನಾಥ! ಕ್ಯಾಮೆರಾ ಹತ್ತಿರ ಬಂದು ಗದ್ದದ ಕೂದಲನ್ನೂ ತೋರಿಸುತ್ತೆ. ರಂಗದಲ್ಲಿ ದೂರ, ದೀಪ, ದನಿ ಸೇರಿ ಮಾಯೆ ಮಾಡುತ್ತವೆ. ಅಲ್ಲಿ ರೀಟೇಕೂ ಇಲ್ಲ!

ಗಂಡಸು ಹೆಣ್ಣಾದರೆ ಚಪ್ಪಾಳೆ. ಹೆಣ್ಣು ಬಣ್ಣ ಹಚ್ಚಿದರೆ ಕುಹಕ. ಅಂಥ ಕಾಲದಲ್ಲಿ ನಾಗರತ್ನಮ್ಮ ಕೂಲಿ ನಟಿಯಾಗಿ ಉಳಿಯದೆ ಕಂಪನಿಯ ಒಡತಿಯಾದರು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಬೀದರಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರಕ್ಕೆ ಇಂಥ ನಾಟಕ ಬಂದರೆ ಭಾಲ್ಕಿ, ಔರಾದಿನಿಂದ ಬಸ್ ಹಿಡಿದು ಬರ್ರಿ. ಸೀಟಿನೂ ಹೊಡೀರಿ. ಆದರೆ ಹೆಣ್ಣನ್ನು ಕಂಡಲ್ಲ, ಕಂಸನನ್ನು ಕಂಡು!